ಗಗನಚುಂಬಿ ಸೌಧಗಳ ಎಂಜಿನಿಯರ್ ಫಜ್ಲುರ್ ರಹಮಾನ್ ಖಾನ್

ಮುಂಬಯಿಯ ನಮ್ಮ ಶಾಲೆಯ ಮೂರನೆಯ ಮಹಡಿಯ ಕಿಟಕಿಯಲ್ಲಿ ನಿಂತು ನೋಡಿದರೆ, ಒಂದು ಕಾಲಕ್ಕೆ ಬಟ್ಟೆಗಿರಣಿಗಳ ಹೊಗೆಗೊಳವೆಗಳು ಮಾತ್ರವೇ ತಲೆಯೆತ್ತಿ ನಿಂತಿದ್ದ ದಿಕ್ಕಿನಲ್ಲಿ ಇಂದು ಐವತ್ತು, ಅರುವತ್ತು ಅಂತಸ್ತುಗಳ ಸೌಧಗಳು ಕಾಣಿಸುತ್ತವೆ. ಕಳೆದ ಮಳೆಗಾಲದ ಒಂದು ಮಧ್ಯಾಹ್ನ ಸಮುದ್ರದ ಕಡೆಯಿಂದ ಬಿರುಗಾಳಿ ಎದ್ದು, ಕಿಟಕಿಯ ಬಾಗಿಲುಗಳನ್ನು ಮುಚ್ಚಿಸಿ ಪಾಠ ಮಾಡುತ್ತಿದ್ದಾಗ, ಒಂಬತ್ತನೆಯ ತರಗತಿಯ ಬಾಲಕನೊಬ್ಬನು ಎದ್ದು ನಿಂತು, ಇಷ್ಟು ಗಾಳಿಗೆ ಆ ಕಟ್ಟಡಗಳು ಏಕೆ ಬೀಳುವುದಿಲ್ಲವೆಂದು ಕೇಳಿದನು. ನಾವು ಕನ್ನಡ ಕಲಿಸುವವರು. ಬುನಾದಿ ಆಳವಾಗಿರುತ್ತದೆ ಎಂದು ಏನೋ ಒಂದು ಉತ್ತರ ಕೊಟ್ಟು ವ್ಯಾಕರಣಕ್ಕೆ ಮರಳಿದೆವು. ಉತ್ತರ ಸಾಲದೆಂಬುದನ್ನು ಹುಡುಗನ ಮುಖವೇ ಹೇಳುತ್ತಿತ್ತು. ಆ ಕೊರತೆಯನ್ನು ತುಂಬಿಕೊಳ್ಳಲು ಓದುತ್ತ ಹೋದಾಗ ನಮಗೆ ಪರಿಚಯವಾದವರೇ ಈ ಮಹನೀಯರು. ಎತ್ತರದ ಕಟ್ಟಡಗಳ ಶಾಸ್ತ್ರದಲ್ಲಿ ಶ್ರೇಷ್ಠ ಕಾರ್ಯ ಮಾಡಿದವರಿಗೆ ಕೊಡುವ ಅಂತರರಾಷ್ಟ್ರೀಯ ಪದಕವೊಂದು ಇವರ ಹೆಸರಿನಲ್ಲಿದೆ. ಇವರು ಮಾತ್ರ ಹುಟ್ಟಿ ಬೆಳೆದದ್ದು ಎತ್ತರದ ಕಟ್ಟಡ ಒಂದೂ ಇಲ್ಲದ ಊರಿನಲ್ಲಿ.

ಫಜ್ಲುರ್ ರಹಮಾನ್ ಖಾನರು 1929ನೆಯ ಇಸವಿ ಏಪ್ರಿಲ್ 3ರಂದು ಢಾಕಾ ನಗರದ ಬಂಗಾಳಿ ಮುಸಲ್ಮಾನ ಕುಟುಂಬದಲ್ಲಿ ಜನಿಸಿದರು. ಆಗ ಬಂಗಾಳವು ಇನ್ನೂ ಒಡೆದಿರಲಿಲ್ಲ. ತಂದೆ ಅಬ್ದುರ್ ರಹಮಾನ್ ಖಾನರು ಗಣಿತದ ಉಪಾಧ್ಯಾಯರು, ಪಠ್ಯಪುಸ್ತಕಗಳನ್ನು ಬರೆದವರು, ಮುಂದೆ ಕಾಲೇಜಿನ ಪ್ರಾಂಶುಪಾಲರಾದವರು. ಮಗನಿಗೆ ಭೌತವಿಜ್ಞಾನದ ಕಡೆಗೆ ಒಲವಿತ್ತು. ತಂದೆಯ ಸಲಹೆ ಅವರನ್ನು ಎಂಜಿನಿಯರಿಂಗ್ ಕಡೆಗೆ ತಿರುಗಿಸಿತು. ಆರ್ಮಾನಿಟೋಲಾ ಸರಕಾರಿ ಪ್ರೌಢಶಾಲೆಯಲ್ಲಿ ಓದು ಮುಗಿಸಿದ ತರುವಾಯ ಅವರು ಕಲಕತ್ತೆಯ ಸಮೀಪದ ಶಿಬಪುರದಲ್ಲಿದ್ದ ಬಂಗಾಳ ಎಂಜಿನಿಯರಿಂಗ್ ಕಾಲೇಜನ್ನು ಸೇರಿದರು.

ಓದು ಮುಗಿಯುವ ಮೊದಲೇ ದೇಶ ಎರಡಾಯಿತು. 1950ರಲ್ಲಿ ಕಲಕತ್ತೆಯಲ್ಲಿ ಗಲಭೆಗಳೆದ್ದಾಗ ಖಾನರು ಪುಸ್ತಕಗಳನ್ನು ಕಟ್ಟಿಕೊಂಡು ಢಾಕಾಕ್ಕೆ ಹಿಂದಿರುಗಬೇಕಾಯಿತು. ಅಲ್ಲಿಯ ಅಹಸಾನುಲ್ಲಾ ಎಂಜಿನಿಯರಿಂಗ್ ಕಾಲೇಜಿನವರು ಎರಡೂ ಕಾಲೇಜುಗಳಲ್ಲಿಯ ಅವರ ಅಭ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಂಡು ಪದವಿಯನ್ನು ಕೊಟ್ಟರು. ಪ್ರಥಮ ಸ್ಥಾನವೂ ಅವರದೇ ಆಯಿತು. ಪರೀಕ್ಷೆಯ ವರ್ಷದಲ್ಲಿ ಊರು ಬಿಡಬೇಕಾಗಿ ಬಂದ ವಿದ್ಯಾರ್ಥಿಗೆ ದೊರೆತ ಆ ಪ್ರಥಮ ಸ್ಥಾನವು ನಮ್ಮ ದೃಷ್ಟಿಯಲ್ಲಿ ಮುಂದೆ ಬಂದ ಎಷ್ಟೋ ಪದಕಗಳಿಗಿಂತ ಕಡಿಮೆಯದಲ್ಲ.

1952ರಲ್ಲಿ ಫುಲ್‌ಬ್ರೈಟ್ ವಿದ್ಯಾರ್ಥಿವೇತನವನ್ನೂ ಪಾಕಿಸ್ತಾನ ಸರಕಾರದ ವಿದ್ಯಾರ್ಥಿವೇತನವನ್ನೂ ಪಡೆದು ಖಾನರು ಅಮೆರಿಕೆಯ ಇಲಿನಾಯ್ ವಿಶ್ವವಿದ್ಯಾಲಯಕ್ಕೆ ಹೋದರು. ಮೂರೇ ವರ್ಷಗಳಲ್ಲಿ ಎರಡು ಸ್ನಾತಕೋತ್ತರ ಪದವಿಗಳನ್ನೂ ಕಟ್ಟಡರಚನೆಯ ಶಾಸ್ತ್ರದಲ್ಲಿ ಡಾಕ್ಟರೇಟನ್ನೂ ಸಂಪಾದಿಸಿದರು. 1955ರಲ್ಲಿ ಶಿಕಾಗೋ ನಗರದಲ್ಲಿ ಸ್ಕಿಡ್‌ಮೋರ್, ಓವಿಂಗ್ಸ್ ಮತ್ತು ಮೆರಿಲ್ ಎಂಬ ಪ್ರಖ್ಯಾತ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದರು.

ಇಷ್ಟಕ್ಕೇ ಅವರು ಅಲ್ಲಿಯೇ ಬೇರುಬಿಟ್ಟರೆಂದು ತಿಳಿಯಬಾರದು. ಕಲಿತದ್ದು ಸ್ವದೇಶಕ್ಕೆ ಸಲ್ಲಬೇಕೆಂಬ ಭಾವನೆಯಿಂದ ಅವರು ಹಿಂದಿರುಗಿ, ಕರಾಚಿಯ ಅಭಿವೃದ್ಧಿ ಪ್ರಾಧಿಕಾರದಲ್ಲಿ ದೊಡ್ಡ ಹುದ್ದೆಯನ್ನು ವಹಿಸಿಕೊಂಡರು. ಹುದ್ದೆ ದೊಡ್ಡದು, ಕೆಲಸವೆಲ್ಲ ಕಡತಗಳದು. ಆಡಳಿತದ ಹೊರೆಯಲ್ಲಿ ನಕ್ಷೆ ಬರೆಯುವುದಕ್ಕೂ ಲೆಕ್ಕ ಹಾಕುವುದಕ್ಕೂ ಅವಕಾಶವಿಲ್ಲದೆ ಹೋಯಿತು. 1960ರಲ್ಲಿ ಅವರು ಮತ್ತೆ ಶಿಕಾಗೋದ ಅದೇ ಸಂಸ್ಥೆಗೆ ಮರಳಿದರು. ಊರು ಬಿಟ್ಟವರಿಗೆ ಈ ಸಂಕಟ ತಿಳಿಯದ್ದಲ್ಲ. ನಾವೂ ಒಮ್ಮೆ ಈ ಮಹಾನಗರ ಸಾಕೆಂದು ಊರಿಗೆ ಹೋಗಿ, ಒಂದೂವರೆ ವರ್ಷ ಕಾಲ ಅಲ್ಲಿ ಪಾಠಕ್ಕಿಂತ ಪಟ್ಟಿಗಳನ್ನೇ ಹೆಚ್ಚಾಗಿ ಬರೆದು, ಪುನಃ ಇಲ್ಲಿಗೇ ಬಂದವರು. ಮರಳಿ ಬಂದವನನ್ನು ಎರಡೂ ಕಡೆಯವರು ಸ್ವಲ್ಪ ಅನುಮಾನದಿಂದಲೇ ನೋಡುತ್ತಾರೆ. ಖಾನರನ್ನು ಹಾಗೆ ಯಾರಾದರೂ ನೋಡಿದರೋ ಇಲ್ಲವೋ, ಅವರ ಜೀವಮಾನದ ಕಾರ್ಯವೆಲ್ಲ ಈ ಎರಡನೆಯ ಪ್ರಯಾಣದ ನಂತರವೇ ನಡೆಯಿತು.

ಇನ್ನು ಬಾಲಕನ ಪ್ರಶ್ನೆಗೆ ಬರೋಣ. ಹತ್ತು ಅಂತಸ್ತಿನ ಕಟ್ಟಡಕ್ಕೆ ಮುಖ್ಯವಾದ ಭಾರ ಅದರದೇ ತೂಕ. ಕಂಬಗಳು ಆ ತೂಕವನ್ನು ಹೊತ್ತು ನೆಲಕ್ಕೆ ಇಳಿಸಿದರೆ ಸಾಕು. ಎತ್ತರ ಏರಿದಂತೆಲ್ಲ ಗಾಳಿಯೇ ದೊಡ್ಡ ಶತ್ರುವಾಗುತ್ತದೆ. ನೆಲದಲ್ಲಿ ಹೂತ ಗಳವನ್ನು ತುದಿಯಲ್ಲಿ ಹಿಡಿದು ದೂಡಿದರೆ ಅದು ಹೇಗೆ ಬಾಗುತ್ತದೆಯೋ ಹಾಗೆ ಗಾಳಿ ಸೌಧವನ್ನು ಬಾಗಿಸಲು ನೋಡುತ್ತದೆ. ಹಳೆಯ ಕಾಲದ ಗಗನಚುಂಬಿಗಳಲ್ಲಿ ಈ ಬಾಗುವಿಕೆಯನ್ನು ತಡೆಯಲು ಒಳಗೆಲ್ಲ ಒತ್ತಾಗಿ ಕಂಬಗಳನ್ನು ನಿಲ್ಲಿಸಿ, ತೊಲೆಗಳಿಂದ ಬಿಗಿದು, ಉಕ್ಕಿನ ಮೇಲೆ ಉಕ್ಕನ್ನು ತುಂಬುತ್ತಿದ್ದರು. 1931ರಲ್ಲಿ ನ್ಯೂಯಾರ್ಕಿನಲ್ಲಿ ಪೂರ್ಣಗೊಂಡ 381 ಮೀಟರ್ ಎತ್ತರದ ಎಂಪೈರ್ ಸ್ಟೇಟ್ ಸೌಧವು ಹಾಗೆ ಕಟ್ಟಿದ್ದು. ಬಲವೇನೋ ಬಂತು, ಆದರೆ ಖರ್ಚಿಗೆ ಮಿತಿಯಿಲ್ಲದಾಯಿತು. ಎತ್ತರಕ್ಕಾಗಿ ತೆರಬೇಕಾದ ಈ ಹೆಚ್ಚಿನ ಬೆಲೆಯನ್ನು ಇಳಿಸುವುದು ಹೇಗೆಂಬುದೇ ಖಾನರ ಜೀವನದ ಪ್ರಶ್ನೆಯಾಯಿತು.

ಅವರ ಉತ್ತರವನ್ನು ನೀವು ನಿಮ್ಮ ಬರೆಯುವ ಪುಸ್ತಕದ ಹಾಳೆಯಿಂದಲೇ ಪರೀಕ್ಷಿಸಿ ನೋಡಬಹುದು. ಒಂದು ಹಾಳೆಯನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಲು ಪ್ರಯತ್ನಿಸಿರಿ. ಅದು ಮಡಿದು ಬೀಳುವುದು. ಅದೇ ಹಾಳೆಯನ್ನು ಸುರುಳಿ ಸುತ್ತಿ ದಾರ ಕಟ್ಟಿ ನಿಲ್ಲಿಸಿದರೆ, ಅದು ನಿಲ್ಲುವುದಲ್ಲದೆ ತನ್ನ ಮೇಲೊಂದು ಪುಸ್ತಕವನ್ನೂ ಹೊತ್ತುಕೊಳ್ಳುವುದು. ಕಾಗದ ಹೆಚ್ಚಾಗಲಿಲ್ಲ, ಆಕಾರ ಬದಲಾಯಿತು, ಅಷ್ಟೆ. ಬಂಗಾಳದಲ್ಲಿಯೂ ನಮ್ಮ ಮಲೆನಾಡಿನಲ್ಲಿಯೂ ಹೇರಳವಾಗಿ ಬೆಳೆಯುವ ಬಿದಿರು ಇದೇ ಮರ್ಮವನ್ನು ಬಲ್ಲದು. ಒಳಗೆ ಟೊಳ್ಳು, ಸತ್ವವೆಲ್ಲ ಹೊರಗಿನ ಗೋಡೆಯಲ್ಲಿ. ಆದುದರಿಂದಲೇ ಬಿದಿರು ಗಾಳಿಗೆ ಬಳುಕಿದರೂ ಮುರಿಯುವುದಿಲ್ಲ. ಖಾನರು ಒಳಗಿನ ಕಂಬಗಳ ಕಾಡನ್ನು ಕಡಿಮೆ ಮಾಡಿ, ಕಟ್ಟಡದ ಹೊರ ಅಂಚಿನಲ್ಲಿ ಕಂಬಗಳನ್ನು ಹತ್ತಿರ ಹತ್ತಿರ ನಿಲ್ಲಿಸಿ, ಅವುಗಳನ್ನು ಪ್ರತಿಯೊಂದು ಅಂತಸ್ತಿನಲ್ಲಿಯೂ ತೊಲೆಗಳಿಂದ ಜೋಡಿಸಿ, ಇಡೀ ಸೌಧವೇ ಒಂದು ಕೊಳವೆಯಂತೆ ಗಾಳಿಯನ್ನು ಎದುರಿಸುವಂತೆ ಮಾಡಿದರು. 1960ರ ದಶಕದ ಮಧ್ಯಭಾಗದಲ್ಲಿ ಶಿಕಾಗೋದಲ್ಲಿ ಕಟ್ಟಿದ ಡಿವಿಟ್-ಚೆಸ್ಟ್‌ನಟ್ ಎಂಬ 43 ಅಂತಸ್ತಿನ ವಸತಿಗೃಹವು ಈ ಕೊಳವೆಪದ್ಧತಿಯ ಮೊದಲ ಸೌಧ. ನೋಡುವುದಕ್ಕೆ ಅದರಲ್ಲಿ ವಿಶೇಷವೇನೂ ಇಲ್ಲ. ರಸ್ತೆಯಲ್ಲಿ ನಡೆದುಹೋಗುವವರು ತಲೆಯೆತ್ತಿಯೂ ನೋಡಲಾರರು.

ತಲೆಯೆತ್ತಿ ನೋಡುವಂತಹುದು ಅದರ ಹಿಂದೆಯೇ ಬಂತು. ಅದೇ ಜಾನ್ ಹ್ಯಾನ್‌ಕಾಕ್ ಸೌಧ. ನೂರು ಅಂತಸ್ತು, 344 ಮೀಟರ್ ಎತ್ತರ. ಕೆಳಗೆ ಅಂಗಡಿಗಳು, ಅವುಗಳ ಮೇಲೆ ಮೋಟಾರು ನಿಲ್ಲಿಸುವ ಸ್ಥಳ, ಅದರ ಮೇಲೆ ಕಚೇರಿಗಳು, ಇನ್ನೂ ಮೇಲೆ ಮನೆಗಳು. ಬುಡದಲ್ಲಿ ಅಗಲವಾಗಿದ್ದು ಮೇಲೆ ಹೋದಂತೆ ಸಣ್ಣದಾಗುವ ಈ ಸೌಧದ ನಾಲ್ಕು ಮುಖಗಳ ಮೇಲೂ ದೈತ್ಯಾಕಾರದ ಓರೆತೊಲೆಗಳು ಒಂದರ ಮೇಲೊಂದು ಗುಣಾಕಾರ ಚಿಹ್ನೆಗಳಂತೆ ಹಾಯ್ದು ಹೋಗಿವೆ. ಈ ಓರೆತೊಲೆಗಳ ವಿಚಾರವು ತರಗತಿಯೊಂದರಲ್ಲಿ ಬೆಳೆದುಬಂದುದೆಂಬುದು ನಮ್ಮಂತಹ ಉಪಾಧ್ಯಾಯರಿಗೆ ವಿಶೇಷ ಸಂತೋಷದ ಸಂಗತಿ. ಖಾನರು ಕಚೇರಿಯ ಕೆಲಸದ ಜೊತೆಗೆ ಇಲಿನಾಯ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಪಾಠವನ್ನೂ ಹೇಳುತ್ತಿದ್ದರು. ಅಲ್ಲಿ ಜಪಾನಿನಿಂದ ಬಂದಿದ್ದ ವಿದ್ಯಾರ್ಥಿಯೊಬ್ಬನು ಅವರ ಮಾರ್ಗದರ್ಶನದಲ್ಲಿ ಓರೆತೊಲೆಗಳ ಎತ್ತರದ ಕಟ್ಟಡವೊಂದನ್ನು ಪ್ರಬಂಧಕ್ಕಾಗಿ ಅಭ್ಯಾಸ ಮಾಡಿದ್ದನು. ಗುರುವು ಆ ವಿಚಾರವನ್ನು ನೂರು ಅಂತಸ್ತಿಗೆ ಏರಿಸಿದರು.

ಲೆಕ್ಕವೇನೋ ಸರಿಯಾಯಿತು. ಆದರೆ ಅಷ್ಟು ಎತ್ತರದಲ್ಲಿ ಸೌಧವು ಗಾಳಿಗೆ ಸ್ವಲ್ಪವಾದರೂ ತೂಗಿಯೇ ತೂಗುತ್ತದೆ. ಉಕ್ಕು ಅದನ್ನು ತಾಳಿಕೊಳ್ಳುವುದು, ತೊಂಬತ್ತನೆಯ ಅಂತಸ್ತಿನಲ್ಲಿ ಮಲಗಿದ ಮನುಷ್ಯನು ತಾಳಿಕೊಳ್ಳುವನೆ? ಈ ಪ್ರಶ್ನೆಗೆ ಆಗಿನ ಪುಸ್ತಕಗಳಲ್ಲಿ ಸರಿಯಾದ ಉತ್ತರವಿರಲಿಲ್ಲ. ಶಿಕಾಗೋದ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿ ಬಟ್ಟೆ ಒಗೆಯುವ ಯಂತ್ರಗಳನ್ನು ಕುರಿತ ಪ್ರದರ್ಶನವಿತ್ತು. ಅಲ್ಲಿ ಮೆಲ್ಲಗೆ ಚಲಿಸುವ ವೇದಿಕೆಯೊಂದಿತ್ತು. ಖಾನರು ಜೊತೆಗಾರರು ಕೆಲವರನ್ನು ಅಲ್ಲಿಗೆ ಕರೆದೊಯ್ದು, ಆ ವೇದಿಕೆಯ ಮೇಲೆ ನಿಲ್ಲಿಸಿ, ಕೂರಿಸಿ, ಮಲಗಿಸಿ, ಎಷ್ಟು ಚಲನೆಯಾದಾಗ ಮನುಷ್ಯನಿಗೆ ಅದರ ಅರಿವಾಗುತ್ತದೆಂಬುದನ್ನು ಗುರುತು ಹಾಕಿಕೊಂಡರು. ಕೋಟಿಗಟ್ಟಲೆ ಡಾಲರುಗಳ ಕೆಲಸಕ್ಕೆ ಬೇಕಾದ ಪ್ರಯೋಗ ಹೀಗೆ ಮಕ್ಕಳು ಆಡುವ ಜಾಗದಲ್ಲಿ ನಡೆಯಿತು! ಕಟ್ಟಡದ ನಕ್ಷೆ ಮಾಡುವಾಗ ತಾವೇ ಆ ಕಟ್ಟಡವಾಗಿ, ಅದರ ಪ್ರತಿಯೊಂದು ಅಂಗದ ನೋವನ್ನೂ ಬಾಗುವಿಕೆಯನ್ನೂ ತಮ್ಮ ಮೈಯಲ್ಲಿ ಭಾವಿಸಿಕೊಳ್ಳುವುದು ಅವರ ಅಭ್ಯಾಸವಾಗಿತ್ತಂತೆ.

ಕಟ್ಟಡ ಸುಮಾರು ಇಪ್ಪತ್ತು ಅಂತಸ್ತು ಏರುವ ಹೊತ್ತಿಗೆ ವಿಪತ್ತೊಂದು ಬಂದೊದಗಿತು. ನೆಲದೊಳಗೆ ಬಹು ಆಳಕ್ಕೆ ಇಳಿಸಿದ್ದ ಕಾಂಕ್ರೀಟು ಕಂಬಗಳಲ್ಲಿ ದೋಷವಿರುವುದು ಪತ್ತೆಯಾಯಿತು. ಮೇಲಿನ ಉಕ್ಕಿನಲ್ಲಿ ತಪ್ಪಿಲ್ಲ, ಕೊಳವೆಪದ್ಧತಿಯಲ್ಲಿ ತಪ್ಪಿಲ್ಲ, ಕಣ್ಣಿಗೆ ಕಾಣದ ಬುನಾದಿಯಲ್ಲಿ ತಪ್ಪು. ಕೆಲಸ ನಿಂತಿತು. ಬುನಾದಿಯ ಕಂಬಗಳನ್ನು ಒಂದೊಂದಾಗಿ ಪರೀಕ್ಷಿಸಿ, ಕೆಟ್ಟುದನ್ನು ಸರಿಪಡಿಸಿದ ಮೇಲೆಯೇ ಮುಂದುವರಿಯಲಾಯಿತು. ಈ ವಿಳಂಬದಿಂದ ಮೊದಲು ಹಣ ಹೂಡಿದವರು ಕೈಚೆಲ್ಲಬೇಕಾಯಿತು, ಸೌಧವು ವಿಮಾ ಸಂಸ್ಥೆಯ ವಶವಾಯಿತು. ಬುನಾದಿ ಆಳವಾಗಿದ್ದರೆ ಸಾಕೆಂದು ನಾವು ತರಗತಿಯಲ್ಲಿ ಹೇಳಿದ ಉತ್ತರ ಎಷ್ಟು ಪೊಳ್ಳಾಗಿತ್ತೆಂಬುದು ಇದನ್ನು ಓದಿದಾಗ ತಿಳಿಯಿತು.

1969ರ ಸುಮಾರಿಗೆ ಸೌಧವು ಪೂರ್ಣಗೊಂಡಾಗ ಲೆಕ್ಕ ನೋಡಿದರು. ಎಂಪೈರ್ ಸ್ಟೇಟ್ ಸೌಧದಲ್ಲಿ ಪ್ರತಿ ಚದರ ಅಡಿ ನೆಲಕ್ಕೆ ಸುಮಾರು 42 ಪೌಂಡು ಉಕ್ಕು ಬಿದ್ದಿತ್ತು. ಹ್ಯಾನ್‌ಕಾಕ್ ಸೌಧಕ್ಕೆ ಬಿದ್ದದ್ದು ಸುಮಾರು 30 ಪೌಂಡು. ಮಿತವ್ಯಯವೆಂಬುದು ಬಡವರ ಮನೆಯ ಗುಣವೆಂದು ನಾವು ತಿಳಿದಿರುತ್ತೇವೆ. ಲೋಕದ ಅತ್ಯಂತ ಶ್ರೀಮಂತ ನಗರಗಳಲ್ಲೊಂದರ ನಡುವೆ ಖಾನರು ಅದನ್ನೇ ವಿದ್ಯೆಯನ್ನಾಗಿ ಮಾಡಿಕೊಂಡಿದ್ದರು.

ಈ ಸೌಧದ ವಾಸ್ತುಶಿಲ್ಪಿ ಬ್ರೂಸ್ ಗ್ರಹಾಮ್ ಎಂಬವರು. ಖಾನರೂ ಅವರೂ ಒಂದೇ ಸಂಸ್ಥೆಯಲ್ಲಿ ಜೋಡೆತ್ತುಗಳಂತೆ ದುಡಿದವರು. ಸಿಯರ್ಸ್ ಎಂಬ ವ್ಯಾಪಾರ ಸಂಸ್ಥೆಯವರು ಜಗತ್ತಿನಲ್ಲೇ ಎತ್ತರವಾದ ಸೌಧವನ್ನು ಕಟ್ಟಿಸಲು ಹೊರಟಾಗ, ಗ್ರಹಾಮರು ಸಿಗರೇಟುಗಳ ಕಟ್ಟೊಂದನ್ನು ಕೈಯಲ್ಲಿ ಹಿಡಿದು, ಒಂದೊಂದನ್ನು ಒಂದೊಂದು ಎತ್ತರಕ್ಕೆ ಎಳೆದು ತೋರಿಸಿದರೆಂಬ ಮಾತು ಪ್ರಸಿದ್ಧವಾಗಿದೆ. ನಾವು ತರಗತಿಯಲ್ಲಿ ಒಂಬತ್ತು ಪೆನ್ಸಿಲುಗಳನ್ನು ರಬ್ಬರಿನಿಂದ ಕಟ್ಟಿ ಇದನ್ನು ತೋರಿಸುತ್ತೇವೆ. ಸಿಗರೇಟು ಶಾಲೆಗೆ ತರತಕ್ಕ ವಸ್ತುವಲ್ಲ. ಖಾನರಿಗೆ ಅದರಲ್ಲಿ ಕಂಡದ್ದು ಕೊಳವೆಗಳ ಕಟ್ಟು. ಒಂದು ಬಿದಿರು ಬಾಗಬಹುದು, ಒತ್ತಾಗಿ ಬಿಗಿದ ಬಿದಿರಿನ ಕಟ್ಟನ್ನು ಬಾಗಿಸುವುದು ಕಷ್ಟ. ಒಂದೊಂದು ಬದಿಯೂ 75 ಅಡಿಯಿರುವ ಒಂಬತ್ತು ಚೌಕ ಕೊಳವೆಗಳನ್ನು ಮೂರು ಮೂರರಂತೆ ಅಂಟಿಸಿದರು. ಐವತ್ತನೆಯ ಅಂತಸ್ತಿನಲ್ಲಿ ಎರಡು ನಿಂತವು. ಅರುವತ್ತಾರನೆಯದರಲ್ಲಿ ಇನ್ನೆರಡು, ತೊಂಬತ್ತರಲ್ಲಿ ಮೂರು ನಿಂತವು. ಉಳಿದೆರಡು ಮಾತ್ರ ತುದಿಯವರೆಗೆ ಏರಿದವು. ಹೀಗೆ ಎತ್ತರ ಹೆಚ್ಚಿದಂತೆ ಗಾಳಿಗೆ ಒಡ್ಡಿಕೊಳ್ಳುವ ಮೈಯೂ ಕಡಿಮೆಯಾಗುತ್ತ ಹೋಯಿತು. 442 ಮೀಟರ್ ಎತ್ತರದ ಈ ಸಿಯರ್ಸ್ ಗೋಪುರವು 1973ರಲ್ಲಿ ಪೂರ್ಣ ಎತ್ತರವನ್ನು ಮುಟ್ಟಿತು. 1998ರವರೆಗೆ ಜಗತ್ತಿನ ಅತ್ಯುನ್ನತ ಕಟ್ಟಡವೆಂಬ ಕೀರ್ತಿ ಅದರದಾಗಿತ್ತು.

ಪ್ರಶಸ್ತಿಗಳು ಬರತೊಡಗಿದವು. ನಿರ್ಮಾಣ ಶಾಸ್ತ್ರದ ಪ್ರಸಿದ್ಧ ಅಮೆರಿಕನ್ ವಾರಪತ್ರಿಕೆಯೊಂದು 1972ರಲ್ಲಿ ಅವರನ್ನು ವರ್ಷದ ವ್ಯಕ್ತಿಯೆಂದು ಆರಿಸಿತು. 1973ರಲ್ಲಿ ಲಂಡನಿನ ಕಟ್ಟಡ ಎಂಜಿನಿಯರುಗಳ ಸಂಸ್ಥೆಯು ಆಸ್ಕರ್ ಫೇಬರ್ ಪದಕವನ್ನು ಕೊಟ್ಟಿತು. ಅಮೆರಿಕೆಯ ರಾಷ್ಟ್ರೀಯ ಎಂಜಿನಿಯರಿಂಗ್ ಅಕಾಡೆಮಿಗೆ ಅವರು ಆಯ್ಕೆಯಾದುದೂ ಅದೇ ವರ್ಷ. ಗೌರವ ಡಾಕ್ಟರೇಟುಗಳೂ ಬಂದವು. ಪಟ್ಟಿ ಉದ್ದವಾಗಿದೆ, ಇಲ್ಲಿಗೇ ನಿಲ್ಲಿಸುತ್ತೇವೆ.

ಆದರೆ ಈ ಕೀರ್ತಿಯ ನಡುವೆಯೇ 1971 ಬಂತು. ಪೂರ್ವ ಬಂಗಾಳದಲ್ಲಿ ರಕ್ತಪಾತವಾಗಿ, ನಿರಾಶ್ರಿತರು ಲಕ್ಷಲಕ್ಷವಾಗಿ ನಮ್ಮ ದೇಶದೊಳಕ್ಕೆ ಬಂದ ವರ್ಷವದು. ಸಿಯರ್ಸ್ ಗೋಪುರದ ಕೆಲಸ ಭರದಿಂದ ಸಾಗುತ್ತಿದ್ದ ಆ ತಿಂಗಳುಗಳಲ್ಲಿ ಖಾನರು ಶಿಕಾಗೋದ ಬಂಗಾಳಿಗಳನ್ನು ಕೂಡಿಸಿ, ಪರಿಹಾರ ನಿಧಿಯನ್ನು ಸ್ಥಾಪಿಸಿ, ಹಣ ಸಂಗ್ರಹಿಸಿದರು. ಅಮೆರಿಕೆಯ ಸರಕಾರ ಪಾಕಿಸ್ತಾನದ ಕಡೆಗೆ ವಾಲಿದ್ದ ಕಾಲದಲ್ಲಿ ಬಾಂಗ್ಲಾದೇಶದ ಪರವಾಗಿ ಜನಾಭಿಪ್ರಾಯ ಮೂಡಿಸಲು ಶ್ರಮಿಸಿದರು. ಅವರು 1967ರಲ್ಲಿಯೇ ಅಮೆರಿಕೆಯ ಪೌರತ್ವ ಪಡೆದಿದ್ದರು. ಒಂದು ಕಾಲಕ್ಕೆ ಓದಲು ಕಳುಹಿಸಿದ್ದು ಪಾಕಿಸ್ತಾನ, ಅನ್ನ ಕೊಟ್ಟದ್ದು ಅಮೆರಿಕ, ಹಾಡಿದ್ದು ಬಂಗಾಳಿ. ಹಾಡಿದ್ದೆಂಬುದು ಅಲಂಕಾರದ ಮಾತಲ್ಲ. ರವೀಂದ್ರರ ಗೀತೆಗಳನ್ನು ಹಾಡುವುದು ಅವರ ಬಹಳ ಪ್ರೀತಿಯ ಹವ್ಯಾಸವಾಗಿತ್ತು. ಬಂಗಾಳಿ ಬಾರದ ಸ್ನೇಹಿತರಿಗೆ ಅವುಗಳ ಅರ್ಥವನ್ನೂ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಎಂಜಿನಿಯರನು ತನ್ನ ವಿದ್ಯೆಯಲ್ಲೇ ಮುಳುಗಿ ಕಳೆದುಹೋಗಬಾರದು, ಸಂಗೀತ ನಾಟಕಗಳ ಸವಿಯನ್ನೂ ಜನರ ಒಡನಾಟವನ್ನೂ ಬಲ್ಲವನಾಗಿರಬೇಕೆಂಬುದು ಅವರ ಅಭಿಪ್ರಾಯವಾಗಿತ್ತು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಹಿಂದಿ ಮರಾಠಿ, ಮುಂದೆ ಕಾಲೇಜಿನಲ್ಲಿ ಇಂಗ್ಲಿಷು ಎಂದು ಗೊಣಗುವ ನಮ್ಮ ಮೇಲಿನ ತರಗತಿಯ ಕೆಲವರು ಈ ಭಾಗವನ್ನು ಎರಡು ಸಲ ಓದಿದರೆ ನಮಗೆ ಸಂತೋಷ.

ಖಾನರ ಕೊನೆಯ ದೊಡ್ಡ ಕೆಲಸಗಳಲ್ಲೊಂದು ಎತ್ತರದ್ದೇ ಅಲ್ಲ. ಸೌದಿ ಅರೇಬಿಯದ ಜೆಡ್ಡಾ ವಿಮಾನ ನಿಲ್ದಾಣದಲ್ಲಿ ಹಜ್ ಯಾತ್ರಿಕರು ಬಂದಿಳಿಯುವ ಜಾಗಕ್ಕೆ ನೆರಳು ಬೇಕಾಗಿತ್ತು. ಮರುಭೂಮಿಯ ಅಲೆಮಾರಿಗಳ ಗುಡಾರವನ್ನು ನೆನಪಿಗೆ ತರುವಂತೆ, ಗಾಜಿನ ನೂಲಿನಿಂದ ನೇಯ್ದ ಬಟ್ಟೆಯ 210 ಗುಡಾರಗಳನ್ನು ಉಕ್ಕಿನ ಕಂಬಗಳಿಂದ ತೂಗುಹಾಕಿದರು. ಬಿಸಿಗಾಳಿ ಮೇಲೇರಿ ಹೋಗುವಂತೆ ಪ್ರತಿಯೊಂದರ ನೆತ್ತಿಯನ್ನೂ ತೆರೆದಿಟ್ಟರು. ಯಂತ್ರದ ನೆರವಿಲ್ಲದೆ ಕೆಳಗೆ ತಂಪು ನಿಲ್ಲುತ್ತದೆ. 1981ರಲ್ಲಿ ಅದು ಬಳಕೆಗೆ ಬಂತು. ಮರುವರ್ಷ ಮಾರ್ಚ್ 27ರಂದು ಅದೇ ಜೆಡ್ಡಾ ನಗರಕ್ಕೆ ಹೋಗಿದ್ದಾಗ ಖಾನರು ಹೃದಯಾಘಾತದಿಂದ ತೀರಿಕೊಂಡರು. ಐವತ್ತಮೂರು ತುಂಬಲು ಒಂದು ವಾರ ಉಳಿದಿತ್ತು. ದೇಹವನ್ನು ಶಿಕಾಗೋಗೆ ತಂದು ಗ್ರೇಸ್‌ಲ್ಯಾಂಡ್ ಸ್ಮಶಾನದಲ್ಲಿ ಮಣ್ಣು ಮಾಡಿದರು. ಆ ನಗರದ ಹಳೆಯ ಗಗನಚುಂಬಿಗಳ ಪ್ರಸಿದ್ಧ ಶಿಲ್ಪಿ ಲೂಯಿ ಸಲಿವನ್ನರ ಸಮಾಧಿಯೂ ಅಲ್ಲಿಯೇ ಇದೆ.

ಕಟ್ಟಡಗಳಿಗೆ ಕೊಡುವ ಪ್ರಶಸ್ತಿಗಳಲ್ಲಿ ನಮಗೆ ಬಹಳ ಮೆಚ್ಚಿಗೆಯಾದದ್ದು ಅಮೆರಿಕೆಯ ವಾಸ್ತುಶಿಲ್ಪಿಗಳ ಸಂಸ್ಥೆಯು ಕೊಡುವ ಇಪ್ಪತ್ತೈದು ವರ್ಷಗಳ ಪ್ರಶಸ್ತಿ. ಹೊಸ ಕಟ್ಟಡ ಎಲ್ಲರಿಗೂ ಚೆನ್ನಾಗಿಯೇ ಕಾಣುತ್ತದೆ. ಇಪ್ಪತ್ತೈದು ವರ್ಷ ಮಳೆ ಬಿಸಿಲು ಗಾಳಿಗಳನ್ನು ಉಂಡು, ಜನ ಬದುಕಿ ಬಾಳಿದ ಮೇಲೆಯೂ ಚೆನ್ನಾಗಿದೆಯೇ ಎಂದು ನೋಡಿ ಅದನ್ನು ಕೊಡುತ್ತಾರೆ. 1999ರಲ್ಲಿ ಹ್ಯಾನ್‌ಕಾಕ್ ಸೌಧಕ್ಕೂ 2010ರಲ್ಲಿ ಜೆಡ್ಡಾದ ಗುಡಾರಗಳಿಗೂ ಅದು ಸಂದಿತು. ಆ ಗುಡಾರಗಳಿಗೆ 1983ರಲ್ಲಿಯೇ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿಯೂ ಬಂದಿತ್ತು. ಬಾಂಗ್ಲಾದೇಶದ ಸರಕಾರವು 1999ರಲ್ಲಿ ಮರಣೋತ್ತರವಾಗಿ ಸ್ವಾತಂತ್ರ್ಯ ದಿನದ ಪ್ರಶಸ್ತಿಯನ್ನಿತ್ತು ಗೌರವಿಸಿ, ಅಂಚೆಚೀಟಿಯನ್ನೂ ಹೊರಡಿಸಿತು.

ಕಟ್ಟಡಗಳ ಹೆಸರುಗಳು ಹಣದ ಹಿಂದೆ ಹೋಗುತ್ತವೆ. ಸಿಯರ್ಸ್ ಗೋಪುರಕ್ಕೆ 2009ರಲ್ಲಿ ವಿಲ್ಲಿಸ್ ಎಂಬ ಹೆಸರಾಯಿತು. ಹ್ಯಾನ್‌ಕಾಕ್ ಸೌಧವು 2018ರಲ್ಲಿ ತನ್ನ ಹೆಸರನ್ನೇ ಕಳೆದುಕೊಂಡು ಬೀದಿಯ ಸಂಖ್ಯೆಯಿಂದ ಕರೆಸಿಕೊಳ್ಳತೊಡಗಿತು. ಎರಡರ ಮೇಲೂ ಖಾನರ ಹೆಸರು ಎಂದೂ ಇರಲಿಲ್ಲವಾದ್ದರಿಂದ ಅದನ್ನು ತೆಗೆಯುವ ಪ್ರಶ್ನೆಯೂ ಬರಲಿಲ್ಲ. 1998ರಲ್ಲಿ ಗೋಪುರದ ಬುಡದಲ್ಲಿ ಎರಡು ಬೀದಿಗಳು ಕೂಡುವ ಮೂಲೆಗೆ ಶಿಕಾಗೋ ನಗರದವರು ಅವರ ಹೆಸರನ್ನಿಟ್ಟರು. 1969ರಲ್ಲಿ ಲೀಹೈ ವಿಶ್ವವಿದ್ಯಾಲಯದ ಲಿನ್ ಬೀಡಲ್ ಎಂಬ ಪ್ರಾಧ್ಯಾಪಕರು ಎತ್ತರದ ಕಟ್ಟಡಗಳ ಅಧ್ಯಯನಕ್ಕಾಗಿ ಅಂತರರಾಷ್ಟ್ರೀಯ ಮಂಡಳಿಯೊಂದನ್ನು ಸ್ಥಾಪಿಸಿದ್ದರು. ಖಾನರು ಅದರ ಅಧ್ಯಕ್ಷರೂ ಆಗಿದ್ದರು. ಆ ಮಂಡಳಿಯು 2004ರಲ್ಲಿ ಅವರ ಹೆಸರಿನ ಪದಕವನ್ನು ಕೊಡಲಾರಂಭಿಸಿತು. ಮೊದಲನೆಯದು ನ್ಯೂಯಾರ್ಕಿನ ಅವಳಿ ಗೋಪುರಗಳ ಎಂಜಿನಿಯರರಾದ ಲೆಸ್ಲಿ ರಾಬರ್ಟ್‌ಸನ್ನರಿಗೆ ದೊರೆಯಿತು. 2008ರದು ದೊರೆತದ್ದು, 2010ರಲ್ಲಿ ತೆರೆದ ದುಬೈ ನಗರದ 828 ಮೀಟರ್ ಎತ್ತರದ ಬುರ್ಜ್ ಖಲೀಫಾಕ್ಕೆ ಲೆಕ್ಕ ಹಾಕಿದ ವಿಲಿಯಂ ಬೇಕರರಿಗೆ. ಅವರು ಖಾನರಿದ್ದ ಸಂಸ್ಥೆಯವರೇ.

ಇವೆರಡರ ನಡುವೆ, 2006ರಲ್ಲಿ, ಆ ಪದಕವು ಶ್ರೀನಿವಾಸ ಅಯ್ಯಂಗಾರ್ ಎಂಬವರಿಗೆ ಸಂದಿತು. ನಮ್ಮ ದೇಶದಿಂದ ಹೋಗಿ ಶಿಕಾಗೋದಲ್ಲಿ ಖಾನರ ಕೈಕೆಳಗೆ ಸೇರಿ, ಹ್ಯಾನ್‌ಕಾಕ್ ಸೌಧಕ್ಕೂ ಸಿಯರ್ಸ್ ಗೋಪುರಕ್ಕೂ ಅವರ ಜೊತೆಗೇ ಕುಳಿತು ಲೆಕ್ಕ ಮಾಡಿದವರು ಇವರು.